ಹಳೆಯ ಟಿವಿಯನ್ನು ಒಡೆಯದೆ ಸಾಗಹಾಕುವುದು ಹೇಗೆ? ಇ-ಕಸ ವಿಲೇವಾರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಡಬ್ಬಾ ಟಿವಿಯ ಒಳಗೆ ಪಿಕ್ಚರ್ ಟ್ಯೂಬಿನ ಕತ್ತಿಗೆ ತಾಮ್ರದ ತಂತಿ ಸುತ್ತಿರುತ್ತಾರೆ. ಗುಜರಿಯಲ್ಲಿ ದುಡ್ಡು ಸಿಗುವುದು ಮುಖ್ಯವಾಗಿ ಆ ತಾಮ್ರಕ್ಕೆ, ಆಮೇಲೆ ಸರ್ಕ್ಯೂಟ್ ಬೋರ್ಡಿಗೆ. ತಾಮ್ರ ಬೇಗ ಕೈಗೆ ಸಿಗಬೇಕೆಂದರೆ ಟ್ಯೂಬಿನ ಕತ್ತು ಮುರಿದರೆ ಆಯಿತು. ಕೆಲವೇ ನಿಮಿಷದ ಕೆಲಸ. ಉಳಿದ ಗಾಜು ಯಾರಿಗೂ ಬೇಡ. ಆ ಗಾಜಿನಲ್ಲಿ ಸೀಸ ಇದೆ. ಅದು ಎಲ್ಲೋ ಒಂದು ಹಳ್ಳದಲ್ಲೋ, ಖಾಲಿ ಜಾಗದಲ್ಲೋ ಬೀಳುತ್ತದೆ.

ನಾನೂ ಒಮ್ಮೆ ಹಿಂದೆಮುಂದೆ ಯೋಚಿಸದೆ ಒಂದು ಟಿವಿಯನ್ನು ಹೀಗೆ ಗುಜರಿಗೆ ಕೊಟ್ಟುಬಿಟ್ಟಿದ್ದೆ. ಕೆಲವು ದಿನಗಳ ನಂತರ ರಸ್ತೆ ಬದಿಯ ಚರಂಡಿಯ ಪಕ್ಕ ಅದರ ಪರದೆ ಬಿದ್ದಿತ್ತು. ನಮ್ಮದೇ ಎಂದು ಗೊತ್ತಾಗಿದ್ದು ಮೂಲೆಯಲ್ಲಿ ಮಗು ಅಂಟಿಸಿದ್ದ ಸ್ಟಿಕ್ಕರಿನಿಂದ. ಆ ದೃಶ್ಯ ನನ್ನ ಮನಸ್ಸಿನಿಂದ ಹೋಗಿಲ್ಲ. ಟಿವಿ ಬೇಡವಾದಾಗ ಏನು ಮಾಡಬೇಕು ಎಂದು ಆಮೇಲೆ ಕುಳಿತು ಕಲಿತಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಟಿವಿ ಇಡಿಯಾಗಿ ಇರುವವರೆಗೆ ಅದರೊಳಗಿನ ವಿಷ ಒಳಗೇ ಇರುತ್ತದೆ. ಒಡೆದ ಕ್ಷಣದಿಂದ ತೊಂದರೆ ಶುರು. ಹಾಗಾಗಿ ನಿಮ್ಮ ಕೆಲಸ ಇಷ್ಟೇ: ಇಡಿಯಾಗಿ ಕೊಡಿ, ಇಡಿಯಾಗಿಯೇ ತೆಗೆದುಕೊಂಡು ಗಾಜಿನವರೆಗೆ ಲೆಕ್ಕ ಹೇಳಬಲ್ಲವರಿಗೆ ಕೊಡಿ.

ಮೊದಲು ನೋಡಿ: ಟಿವಿ ನಿಜಕ್ಕೂ ಕೆಟ್ಟಿದೆಯಾ?

ಎಸೆಯಲು ಹೊರಟ ಎಷ್ಟೋ ಟಿವಿಗಳಲ್ಲಿ ಕೆಟ್ಟಿರುವುದು ಒಂದು ಸಣ್ಣ ಭಾಗ ಮಾತ್ರ. ಶಬ್ದ ಬರುತ್ತದೆ, ಚಿತ್ರ ಇಲ್ಲ ಅಂದರೆ ಕೋಣೆಯ ದೀಪ ಆರಿಸಿ. ಟಿವಿ ಹಾಕಿ, ಪರದೆಗೆ ಹತ್ತಿರದಿಂದ ಓರೆಯಾಗಿ ಟಾರ್ಚ್ ಬಿಡಿ. ಚಿತ್ರ ಮಸುಕಾಗಿ ಓಡಾಡುತ್ತಿರುವುದು ಕಂಡರೆ ಪರದೆ ಚೆನ್ನಾಗಿದೆ ಎಂದರ್ಥ. ಹೋಗಿರುವುದು ಪರದೆಯ ಹಿಂದಿನ ಬೆಳಕು, ಅಂದರೆ ಬ್ಯಾಕ್‌ಲೈಟ್, ಇಲ್ಲವೇ ಅದಕ್ಕೆ ಕರೆಂಟು ಕೊಡುವ ಭಾಗ. ಎಲ್‌ಇಡಿ ಟಿವಿಗಳಲ್ಲಿ ಇದು ತುಂಬಾ ಸಾಮಾನ್ಯ. ದುರಸ್ತಿ ಮಾಡುವವರು ಒಳಗಿನ ಎಲ್‌ಇಡಿ ಪಟ್ಟಿಗಳನ್ನು ಬದಲಾಯಿಸಿ ಕೊಡುತ್ತಾರೆ.

ಇನ್ನೊಂದು ಸಾಮಾನ್ಯ ಕಾಯಿಲೆ ಪವರ್ ಸಪ್ಲೈ ಬೋರ್ಡಿನದು. ಸ್ವಿಚ್ ಹಾಕಿದರೆ ಕೆಂಪು ದೀಪ ಮಿನುಗುತ್ತದೆ, ಟಿಕ್ ಟಿಕ್ ಸದ್ದು ಬರುತ್ತದೆ, ಟಿವಿ ಮಾತ್ರ ಏಳುವುದಿಲ್ಲ. ಎಷ್ಟೋ ಸಲ ಇದಕ್ಕೆ ಕಾರಣ ತಲೆ ಉಬ್ಬಿದ ಒಂದೆರಡು ಕೆಪಾಸಿಟರ್, ಅಂದರೆ ಕರೆಂಟನ್ನು ಹಿಡಿದಿಡುವ ಸಣ್ಣ ಬಿಡಿಭಾಗ. ಬಿಡಿಭಾಗದ ಖರ್ಚು ತೀರಾ ಕಡಿಮೆ. ಪರದೆಯೇ ಬಿರುಕು ಬಿಟ್ಟಿದ್ದರೆ ಮಾತ್ರ ದುರಸ್ತಿಯ ಆಸೆ ಬಿಡಿ. ಹೊಸ ಟಿವಿಯ ಬೆಲೆಯ ಹತ್ತಿರಕ್ಕೆ ಹೋಗುತ್ತದೆ.

ಚೆನ್ನಾಗಿ ಓಡುವ ಟಿವಿ ಬರೀ ಹಳೆಯದಾಯಿತು ಎಂದು ಹೋಗುತ್ತಿದ್ದರೆ ಬಳಸುವವರಿಗೆ ಕೊಡಿ. ಆ್ಯಪ್‌ಗಳು ಓಡದ ಸ್ಮಾರ್ಟ್ ಟಿವಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಮತ್ತೆ ಕೆಲವು ವರ್ಷ ನಡೆಯುತ್ತದೆ. ಡಬ್ಬಾ ಟಿವಿಗೂ ಆಸೆಪಡುವವರಿದ್ದಾರೆ. ಗುರಿಯಿಟ್ಟು ಹೊಡೆಯುವ ಹಳೆಯ ವಿಡಿಯೊ ಗೇಮ್ ಗನ್‌ಗಳು ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅಂಥ ಆಟ ಇಷ್ಟಪಡುವವರು ಚಾಲೂ ಇರುವ ಟ್ಯೂಬ್ ಟಿವಿ ಹುಡುಕುತ್ತಲೇ ಇರುತ್ತಾರೆ.

ಕೊಡುವಾಗ ಟಿವಿಯ ಸ್ಥಿತಿಯನ್ನು ಇದ್ದ ಹಾಗೆ ಹೇಳಿ. ಕೆಟ್ಟಿದ್ದನ್ನು ದಾನ ಎಂದು ಕೊಟ್ಟರೆ ನಮ್ಮ ಕಸದ ಹೊರೆ ಇನ್ನೊಬ್ಬರ ತಲೆಗೆ ಹೋಗುತ್ತದೆ ಅಷ್ಟೆ. ರಿಮೋಟ್, ಸ್ಟ್ಯಾಂಡ್, ಪವರ್ ಕೇಬಲ್ ಎಲ್ಲ ಜೊತೆಗೇ ಇರಲಿ. ಅವು ಇಲ್ಲದ ಕಾರಣಕ್ಕೇ ಒಳ್ಳೆಯ ಟಿವಿಗಳೂ ಗುಜರಿ ಸೇರುತ್ತವೆ.

ನಿಮ್ಮದು ಯಾವ ಟಿವಿ?

ಇದನ್ನು ತಿಳಿದುಕೊಳ್ಳುವುದು ಮುಖ್ಯ. ಒಂದೊಂದು ಟಿವಿಯ ಒಳಗೆ ಒಂದೊಂದು ಅಪಾಯ ಇದೆ. ಹಿಂಬದಿಯ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಹಿಂಬದಿ ಉಬ್ಬಿಕೊಂಡಿದ್ದರೆ ಚೀಟಿಯೂ ಬೇಡ, ಅದು ಪಿಕ್ಚರ್ ಟ್ಯೂಬ್ ಟಿವಿ, ಅಂದರೆ ಸಿಆರ್‌ಟಿ.

ಸಿಆರ್‌ಟಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಟ್ಯೂಬಿನೊಳಗೆ ಎಲೆಕ್ಟ್ರಾನುಗಳು ರಭಸದಿಂದ ಬಂದು ಪರದೆಗೆ ಬಡಿಯುತ್ತವೆ. ಆಗ ಎಕ್ಸ್-ರೇ ಹುಟ್ಟುತ್ತದೆ. ಅದು ನೋಡುವವರಿಗೆ ತಾಗದಂತೆ ತಡೆಯಲು ಗಾಜಿಗೇ ಸೀಸ ಬೆರೆಸುತ್ತಿದ್ದರು. ಬಣ್ಣದ ಟಿವಿಯಲ್ಲಿ ಪರದೆಯ ಹಿಂದಿನ ಆಲಿಕೆಯಾಕಾರದ ಗಾಜಿನಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಮುಂದಿನ ಪರದೆಯ ಗಾಜಿಗೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಬೆರೆಸುತ್ತಿದ್ದರು. ಅದರಲ್ಲಿ ಸೀಸ ಕಡಿಮೆ. ದೊಡ್ಡ ಟಿವಿಯೊಂದರಲ್ಲಿ ಒಟ್ಟು ಒಂದೆರಡು ಕಿಲೋ ಸೀಸ ಇರಬಹುದು. ಪರದೆಯ ಒಳಮೈಗೆ ಬಳಿದ ಹೊಳಪಿನ ಪುಡಿಯೂ ಉಸಿರಿಗೆ ಒಳ್ಳೆಯದಲ್ಲ. ನೋಡುವವರನ್ನು ಕಾಪಾಡಲು ಹಾಕಿದ ಸೀಸವೇ ಗಾಜು ಪುಡಿಯಾದಾಗ ಮಣ್ಣಿಗೆ, ನೀರಿಗೆ ಸೇರುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಎಷ್ಟು ಸ್ವಲ್ಪ ಇದ್ದರೂ ಕೆಟ್ಟದ್ದೇ.

ಚಪ್ಪಟೆ ಟಿವಿಗಳಲ್ಲಿ ಮೊದಲು ಬಂದ ಎಲ್‌ಸಿಡಿಗಳ ಪರದೆಯ ಹಿಂದೆ ಪೆನ್ಸಿಲ್‌ಗಿಂತ ತೆಳುವಾದ ಟ್ಯೂಬ್‌ಲೈಟುಗಳು ಇರುತ್ತವೆ. ದೊಡ್ಡ ಟಿವಿಯಲ್ಲಿ ಇಂಥವು ಹತ್ತಕ್ಕೂ ಹೆಚ್ಚು. ಪ್ರತಿಯೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇದೆ. ಪರದೆ ಒಡೆದರೆ ಈ ಕೋಲುಗಳೂ ಮುರಿಯಬಹುದು, ಆಗ ಪಾದರಸ ಆವಿಯಾಗಿ ಗಾಳಿಗೆ ಬರುತ್ತದೆ. 2010ರ ಆಸುಪಾಸಿನಲ್ಲಿ ತಯಾರಕರು ಒಬ್ಬೊಬ್ಬರಾಗಿ ಎಲ್‌ಇಡಿ ಬೆಳಕಿಗೆ ಬದಲಾದರು. ಎಲ್‌ಇಡಿಯಲ್ಲಿ ಪಾದರಸ ಇಲ್ಲ. ನಿಮ್ಮದು ಯಾವುದೆಂದು ಖಚಿತವಿಲ್ಲದಿದ್ದರೆ, ದಪ್ಪಗಿದ್ದು ಆ ಕಾಲಕ್ಕಿಂತ ಹಿಂದಿನದಾದರೆ, ಪಾದರಸ ಇದೆ ಎಂದುಕೊಂಡೇ ನಡೆದುಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ಮತ್ತು ಮಾನಿಟರ್‌ಗಳಿಗೂ ಇದೇ ಮಾತು.

ಪ್ಲಾಸ್ಮಾ ಟಿವಿ ಗಾಜಿನ ಭಾರದಿಂದಲೇ ಗೊತ್ತಾಗುತ್ತದೆ, ಒಬ್ಬರಿಂದ ಎತ್ತಲು ಆಗುವುದಿಲ್ಲ. ಓಎಲ್‌ಇಡಿಯಲ್ಲಿ ಹಿಂದಿನ ದೀಪವೇ ಇಲ್ಲ. ಇವೆರಡನ್ನೂ ಬೇರೆ ಚಪ್ಪಟೆ ಟಿವಿಗಳ ಹಾಗೆಯೇ ಕೊಡಬೇಕು.

ಟಿವಿಯ ಹಿಂದೆ ಅಡ್ಡಗೀಟು ಹೊಡೆದ ಕಸದ ಡಬ್ಬಿಯ ಚಿತ್ರ ನೋಡಿದ್ದೀರಾ? ಅದು ಯುರೋಪಿನ ನಿಯಮದಿಂದ ಬಂದ ಗುರುತು. ಇದನ್ನು ಸಾಮಾನ್ಯ ಕಸಕ್ಕೆ ಹಾಕಬೇಡಿ ಎಂದು ಅರ್ಥ. ಡಬ್ಬಿಯ ಕೆಳಗೆ ದಪ್ಪ ಕಪ್ಪು ಪಟ್ಟಿ ಇದ್ದರೆ ಆ ಸಾಮಾನು 2005ರ ಆಗಸ್ಟ್ 13ರ ನಂತರ ಮಾರುಕಟ್ಟೆಗೆ ಬಂದದ್ದು. 2006ರ ಜುಲೈ 1ರಿಂದ ಯುರೋಪಿನಲ್ಲಿ ಹೊಸ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದ ಆರು ವಸ್ತುಗಳಿಗೆ ಮಿತಿ ಬಂತು. ಆದರೆ ಸಿಆರ್‌ಟಿ ಗಾಜಿನ ಸೀಸಕ್ಕೂ ಆ ತೆಳು ದೀಪಗಳ ಪಾದರಸಕ್ಕೂ ವಿನಾಯಿತಿ ಇತ್ತು. ಹಾಗಾಗಿ ಚೀಟಿಯ ಮೇಲಿನ ವರ್ಷ ನೋಡಿಯೇ ನಿರಾಳವಾಗಬೇಡಿ.

ಹಿಂಬದಿ ತೆಗೆಯಬೇಡಿ

ಒಳಗೆ ಏನಿದೆ ನೋಡೋಣ ಎಂದು ಸ್ಕ್ರೂಡ್ರೈವರ್ ಹಿಡಿಯಬೇಡಿ. ಪಿಕ್ಚರ್ ಟ್ಯೂಬು 20,000ದಿಂದ 30,000 ವೋಲ್ಟ್‌ನಲ್ಲಿ ಓಡುತ್ತದೆ. ಟ್ಯೂಬಿನ ಗಾಜೇ ಒಂದು ಕೆಪಾಸಿಟರ್ ಹಾಗೆ ಕರೆಂಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಗ್ ಕಿತ್ತು ದಿನಗಳು ಕಳೆದರೂ ಶಾಕ್ ಹೊಡೆಯಬಹುದು. ಮೇಲಾಗಿ ಟ್ಯೂಬಿನೊಳಗೆ ಗಾಳಿಯೇ ಇಲ್ಲ. ಹೊರಗಿನ ಗಾಳಿ ಸದಾ ಅದನ್ನು ಒತ್ತುತ್ತಿರುತ್ತದೆ. ಪೆಟ್ಟು ಬಿದ್ದರೆ ಗಾಜು ಒಳಕ್ಕೆ ಕುಸಿದು ಚೂರುಗಳು ಹೊರಕ್ಕೆ ಸಿಡಿಯುತ್ತವೆ. ಚಪ್ಪಟೆ ಟಿವಿಯ ಪವರ್ ಸಪ್ಲೈ, ಮೈಕ್ರೊವೇವ್ ಓವನ್, ಇವುಗಳ ಕೆಪಾಸಿಟರ್‌ಗಳೂ ಪ್ಲಗ್ ತೆಗೆದ ಮೇಲೆ ಕೈಗೆ ಹೊಡೆಯುತ್ತವೆ.

ತಾಮ್ರಕ್ಕಾಗಿ ಕೇಬಲ್ ಸುಡುವುದಂತೂ ಬೇಡವೇ ಬೇಡ. ಪಿವಿಸಿ ಹೊದಿಕೆ ಹೊತ್ತಿದಾಗ ಡಯಾಕ್ಸಿನ್ ಎಂಬ ಬಹಳ ಕೆಟ್ಟ ವಿಷ ಹುಟ್ಟುತ್ತದೆ. ಘಾನಾದ ರಾಜಧಾನಿ ಅಕ್ರಾದ ಅಗ್ಬೊಗ್ಬ್ಲೊಶಿಯಲ್ಲಿ ಹುಡುಗರು ವರ್ಷಗಟ್ಟಲೆ ಹೀಗೆ ತಂತಿ ಸುಟ್ಟು ಬದುಕಿದರು. 2021ರಲ್ಲಿ ಸರ್ಕಾರ ಆ ಗುಜರಿ ಅಂಗಳವನ್ನು ಕೆಡವಿತು. ಚೀನಾದ ಗ್ವಿಯುನಲ್ಲಿ ಬೋರ್ಡುಗಳನ್ನು ಬಿಸಿ ಮಾಡಿ ಬೆಸುಗೆ ಕರಗಿಸುವುದು, ಚಿನ್ನಕ್ಕಾಗಿ ಆಸಿಡ್‌ನಲ್ಲಿ ಅದ್ದುವುದು ಮನೆಮನೆಯ ಕೆಲಸವಾಗಿತ್ತು. ಅಲ್ಲಿನ ಮಕ್ಕಳ ರಕ್ತ ಪರೀಕ್ಷಿಸಿದವರಿಗೆ ಸೀಸದ ಪ್ರಮಾಣ ಜಾಸ್ತಿ ಕಂಡಿತು. ಆ ಕೆಲಸ ಮಾಡಿದವರನ್ನು ದೂರಿ ಪ್ರಯೋಜನವಿಲ್ಲ. ನಾವು ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ಕೊಟ್ಟದ್ದೇ ಅವರ ಕೈಗೆ ತಲುಪಿತ್ತು.

ಒಳಗಿರುವ ನಿಮ್ಮ ಮಾಹಿತಿ

ಸ್ಮಾರ್ಟ್ ಟಿವಿಯಲ್ಲಿ ನಿಮ್ಮ ವೈ-ಫೈ ಪಾಸ್‌ವರ್ಡ್, ವಿಡಿಯೊ ಆ್ಯಪ್‌ಗಳ ಖಾತೆ, ಕೆಲವೊಮ್ಮೆ ದುಡ್ಡು ಕಟ್ಟುವ ವಿವರ ಕೂಡ ಇರುತ್ತದೆ. ಮೊದಲು ಒಂದೊಂದು ಆ್ಯಪ್‌ನಿಂದಲೂ ಲಾಗ್ ಔಟ್ ಆಗಿ. ನಂತರ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರಿಸೆಟ್ ಮಾಡಿ. ಹಿಂಬದಿ, ಪಕ್ಕದ ಕಿಂಡಿಗಳಲ್ಲಿ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಏನಾದರೂ ಉಳಿದಿದೆಯಾ ಎಂದು ಬೆರಳಾಡಿಸಿ ನೋಡಿ. ಪರದೆಯೇ ಹೋಗಿದ್ದರೆ ರಿಸೆಟ್ ಆಗುವುದಿಲ್ಲ ಅಲ್ವಾ? ಆಗ ಫೋನಿನಿಂದ ನಿಮ್ಮ ಖಾತೆಗಳಿಗೆ ಹೋಗಿ, ಸಾಧನಗಳ ಪಟ್ಟಿಯಿಂದ ಆ ಟಿವಿಯನ್ನು ತೆಗೆದುಹಾಕಿ. ಪಾಸ್‌ವರ್ಡ್‌ಗಳನ್ನೂ ಬದಲಿಸಿ.

ಫೋನ್ ಕೊಡುವಾಗ ಬೇಕಾದ್ದನ್ನೆಲ್ಲ ಬ್ಯಾಕಪ್ ಮಾಡಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಆಮೇಲೆ ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಫೋನಿನಲ್ಲೇ ಹೊರಬನ್ನಿ. ಇದನ್ನು ಜನ ಮರೆಯುತ್ತಾರೆ. ಖಾತೆ ತೆಗೆಯದೆ ರಿಸೆಟ್ ಮಾಡಿದರೆ ಫೋನು ಬೀಗ ಹಾಕಿಕೊಂಡು ಕೂರಬಹುದು. ಇನ್ನೊಬ್ಬರಿಗೆ ಬಳಸಲು ಬಾರದೆ, ಚೆನ್ನಾಗಿರುವ ಫೋನನ್ನೂ ಪುಡಿ ಮಾಡಬೇಕಾಗುತ್ತದೆ. ಈಚಿನ ಫೋನುಗಳು ಒಳಗಿನ ಮಾಹಿತಿಯನ್ನು ತಾವಾಗಿಯೇ ಎನ್‌ಕ್ರಿಪ್ಟ್ ಮಾಡಿ, ಅಂದರೆ ಬೇರೆಯವರು ಓದಲಾಗದಂತೆ ಬೀಗ ಹಾಕಿ ಇಟ್ಟಿರುತ್ತವೆ. ರಿಸೆಟ್ ಮಾಡಿದಾಗ ಆ ಬೀಗದ ಕೀಲಿಯೇ ಅಳಿಸಿಹೋಗುತ್ತದೆ. ತುಂಬಾ ಹಳೆಯ ಆ್ಯಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಒತ್ತಿ, ಅದು ಮುಗಿದ ಮೇಲೆ ರಿಸೆಟ್ ಮಾಡಿ.

ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಫೈಲ್ ಡಿಲೀಟ್ ಮಾಡುವುದು, ಫಾರ್ಮ್ಯಾಟ್ ಮಾಡುವುದು ಸಾಲದು. ಇಡೀ ಡಿಸ್ಕಿನ ಮೇಲೆ ಒಮ್ಮೆ ಹೊಸದಾಗಿ ಬರೆಯುವ ತಂತ್ರಾಂಶ ಓಡಿಸಬೇಕು. ಒಮ್ಮೆ ಸಾಕು, ಏಳೆಂಟು ಸಲ ಬೇಕಿಲ್ಲ. ಎಸ್‌ಎಸ್‌ಡಿಗೆ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್‌ಗೆ, ಈ ಉಪಾಯ ಪೂರ್ತಿ ನಡೆಯುವುದಿಲ್ಲ. ಅದು ಎಲ್ಲಿ ಬರೆಯಬೇಕೆಂದು ತಾನೇ ಜಾಗ ಬದಲಿಸುತ್ತಿರುತ್ತದೆ, ಹಳೆಯ ತುಣುಕುಗಳು ಉಳಿದುಬಿಡಬಹುದು. ತಯಾರಕರು ಕೊಡುವ ಸೆಕ್ಯೂರ್ ಇರೇಸ್ ಸೌಲಭ್ಯ ಬಳಸಿ. ಕೆಟ್ಟುಹೋದ ಹಾರ್ಡ್ ಡಿಸ್ಕಿನಲ್ಲಿ ಮುಖ್ಯವಾದ ಮಾಹಿತಿ ಇದ್ದರೆ, ನಿಮ್ಮ ಕಣ್ಣೆದುರೇ ಪುಡಿ ಮಾಡುವ ಮರುಬಳಕೆದಾರರನ್ನು ಹುಡುಕಿ. ಫೋನಿಗೆ ಮಾತ್ರ ಮೊಳೆ, ಸುತ್ತಿಗೆ ತಾಗಿಸಬೇಡಿ. ಬ್ಯಾಟರಿಗೆ ತೂತಾದರೆ ಬೆಂಕಿ ಹತ್ತುತ್ತದೆ.

ಬ್ಯಾಟರಿ ಬೇರೆ, ಟಿವಿ ಬೇರೆ

ಕಸದ ಲಾರಿಗಳಲ್ಲಿ, ಕಸ ವಿಂಗಡಿಸುವ ಜಾಗಗಳಲ್ಲಿ ಬೆಂಕಿ ಬೀಳುವುದಕ್ಕೆ ಲಿಥಿಯಂ ಬ್ಯಾಟರಿ ಒಂದು ದೊಡ್ಡ ಕಾರಣ. ಯಂತ್ರದಡಿ ಸಿಕ್ಕಿ ಜಜ್ಜಿಹೋದ ಬ್ಯಾಟರಿ ತನ್ನಷ್ಟಕ್ಕೇ ಬಿಸಿಯಾಗಿ ಉರಿಯುತ್ತದೆ. ಸುಲಭವಾಗಿ ಹೊರಬರುವ ಬ್ಯಾಟರಿಯನ್ನು ತೆಗೆದು, ತುದಿಗಳಿಗೆ ಟೇಪ್ ಅಂಟಿಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಒಳಗೇ ಅಂಟಿಸಿರುವ ಬ್ಯಾಟರಿಯನ್ನು ಕೀಳಲು ಹೋಗಬೇಡಿ. ಸಾಧನದ ಜೊತೆಗೇ ಕೊಟ್ಟು, ಒಳಗೆ ಬ್ಯಾಟರಿ ಇದೆ ಎಂದು ಹೇಳಿ. ರಿಮೋಟಿನ ಸೆಲ್ಲುಗಳನ್ನು ನೆನಪಿಟ್ಟು ತೆಗೆಯಿರಿ.

ಉಬ್ಬಿದ ಬ್ಯಾಟರಿ ಸಿಕ್ಕರೆ ಚಾರ್ಜ್ ಮಾಡಬೇಡಿ, ಅದುಮಬೇಡಿ, ಚುಚ್ಚಬೇಡಿ. ಒಣ ಮರಳು ತುಂಬಿದ ಡಬ್ಬಿಯಲ್ಲಿ, ಮುಚ್ಚಳ ಬಿಗಿಯದೆ, ಬೆಂಕಿ ಹತ್ತುವ ಸಾಮಾನಿನಿಂದ ದೂರ ಇಡಿ. ಆದಷ್ಟು ಬೇಗ ಬ್ಯಾಟರಿ ಸಂಗ್ರಹಿಸುವವರಿಗೆ ತಲುಪಿಸಿ. ಅದು ಉಬ್ಬಿದೆ ಎಂಬುದನ್ನು ಕೊಡುವ ಮೊದಲೇ ಹೇಳಬೇಕು.

ಯುಪಿಎಸ್‌ನ ಸೀಸದ ಬ್ಯಾಟರಿಯಲ್ಲಿ ಆಸಿಡ್ ಇದೆ. ನೇರವಾಗಿ ನಿಲ್ಲಿಸಿಯೇ ಸಾಗಿಸಿ, ಬ್ಯಾಟರಿ ಮಾರುವವರಿಗೇ ವಾಪಸ್ ಕೊಡಿ.

ಯಾರಿಗೆ ಕೊಡಬೇಕು?

ಮೊದಲು ಟಿವಿ ತಯಾರಿಸಿದ ಕಂಪನಿಯ ಜಾಲತಾಣ ನೋಡಿ. ಮಾರಿದ ಸಾಮಾನನ್ನು ಕೊನೆಗೆ ವಾಪಸ್ ಪಡೆಯುವ ಹೊಣೆ ತಯಾರಕರದ್ದೇ ಎಂಬ ಕಾನೂನು ಹಲವು ದೇಶಗಳಲ್ಲಿದೆ. ಯುರೋಪ್ ಒಕ್ಕೂಟದಲ್ಲಿ ಇದು 2000ದ ದಶಕದಿಂದಲೂ ಇದೆ. ಭಾರತದಲ್ಲಿ ಈಗಿನ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹೊಸ ಟಿವಿ ಕೊಳ್ಳುವಾಗ ಹಳೆಯದನ್ನು ಮಾರುವವರೇ ಒಯ್ಯುವ ವ್ಯವಸ್ಥೆಯೂ ಹಲವೆಡೆ ಇದೆ. ಅವರನ್ನು ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ತಪ್ಪದೆ ಕೇಳಿ. ಎಕ್ಸ್‌ಚೇಂಜ್‌ನಲ್ಲಿ ಒಳ್ಳೆಯ ಬೆಲೆ ಸಿಕ್ಕಿತು ಅಂದ ಮಾತ್ರಕ್ಕೆ ಟಿವಿ ಸರಿಯಾದ ಜಾಗ ಸೇರಿತು ಎಂದೇನಲ್ಲ.

ಎರಡನೆಯದು ಸ್ಥಳೀಯ ಆಡಳಿತ ನಡೆಸುವ ಇ-ಕಸ ಸಂಗ್ರಹ ಕೇಂದ್ರ. ಮೂರನೆಯದು ಸರ್ಕಾರದ ಪರವಾನಗಿ ಇರುವ ಮರುಬಳಕೆ ಘಟಕ. ಪರವಾನಗಿ ಪಡೆದವರ ಪಟ್ಟಿ ಸಾಮಾನ್ಯವಾಗಿ ಪರಿಸರ ಇಲಾಖೆಯಲ್ಲೋ ಮಾಲಿನ್ಯ ನಿಯಂತ್ರಣದ ಕಚೇರಿಯಲ್ಲೋ ಸಿಗುತ್ತದೆ. ಪಟ್ಟಿಯಲ್ಲಿ ಹೆಸರು ಇದೆಯಾ ಎಂದು ನೀವೇ ನೋಡಿ, ಬಾಯಿಮಾತು ನಂಬಬೇಡಿ. ಆರ್2 ಮತ್ತು ಇ-ಸ್ಟೀವರ್ಡ್ಸ್ ಎಂಬ ಎರಡು ಪ್ರಮಾಣಪತ್ರಗಳನ್ನು ಈ ಕ್ಷೇತ್ರದವರು ಗೌರವಿಸುತ್ತಾರೆ. ಅವು ಇದ್ದರೆ ಹೊರಗಿನವರು ಬಂದು ಆ ಘಟಕವನ್ನು ತಪಾಸಣೆ ಮಾಡಿದ್ದಾರೆ ಎಂದು ತಿಳಿಯಬಹುದು.

ಇಲ್ಲಿ ದುಡ್ಡಿನ ಮಾತು ಬರುತ್ತದೆ. ಕಸ ಕೊಡುವುದಕ್ಕೂ ನಾನೇ ದುಡ್ಡು ಕೊಡಬೇಕಾ ಎಂದು ಎಷ್ಟೋ ಜನ ಸಿಟ್ಟಾಗುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಿಆರ್‌ಟಿ ಟಿವಿಯಿಂದ ಬರುವ ತಾಮ್ರ, ಬೋರ್ಡುಗಳ ಬೆಲೆಗಿಂತ ಸೀಸದ ಗಾಜನ್ನು ಸರಿಯಾಗಿ ಸಾಗಹಾಕುವ ಖರ್ಚೇ ಜಾಸ್ತಿ. ಆ ಖರ್ಚನ್ನು ಯಾರಾದರೂ ಹೊರಲೇಬೇಕು. ಜಪಾನಿನಲ್ಲಿ 2001ರಿಂದ ಜಾರಿಯಲ್ಲಿರುವ ಕಾನೂನಿನಂತೆ ಟಿವಿ ಎಸೆಯುವವರೇ ಶುಲ್ಕ ಕಟ್ಟುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2005ರಿಂದ ಹೊಸ ಟಿವಿ ಕೊಳ್ಳುವಾಗಲೇ ಶುಲ್ಕ ಸೇರಿಸುತ್ತಾರೆ. ಯಾರೋ ಡಬ್ಬಾ ಟಿವಿಗೆ ಕೈತುಂಬಾ ದುಡ್ಡು ಕೊಡುತ್ತೇನೆ ಎಂದರೆ ಅವರು ಗಾಜಿನ ಖರ್ಚನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅಲ್ಲಿ ನಿಂತು ಯೋಚಿಸಿ.

ಕೇಳಲೇಬೇಕಾದ ಪ್ರಶ್ನೆಗಳು

ಟಿವಿಯನ್ನು ಇಡಿಯಾಗಿ ತೆಗೆದುಕೊಳ್ಳುತ್ತೀರಾ? ಗಾಜು ಎಲ್ಲಿಗೆ ಹೋಗುತ್ತದೆ? ಬೋರ್ಡುಗಳನ್ನು ಯಾರಿಗೆ ಕೊಡುತ್ತೀರಿ? ಹೊರದೇಶಕ್ಕೆ ಕಳಿಸುತ್ತೀರಾ, ಕಳಿಸಿದರೆ ಯಾವ ಅನುಮತಿಯ ಮೇಲೆ? ರಸೀದಿ ಕೊಡುತ್ತೀರಾ?

ಇವುಗಳಲ್ಲಿ ಗಾಜಿನ ಪ್ರಶ್ನೆಯೇ ನನಗೆ ಹೆಚ್ಚು ನಂಬಿಕೆಯದು. ಒಳ್ಳೆಯ ಕೆಲಸ ಮಾಡುವವರು ಇದಕ್ಕೆ ತಡವರಿಸದೆ ಉತ್ತರ ಕೊಡುತ್ತಾರೆ, ಯಾವ ಕುಲುಮೆಗೆ ಅಥವಾ ಕಸ ಹೂಳುವ ಯಾವ ಜಾಗಕ್ಕೆ ಎಂದು ಹೇಳುತ್ತಾರೆ. ಅದೆಲ್ಲ ನಿಮಗ್ಯಾಕೆ ಎಂದರೆ ಟಿವಿಯನ್ನು ವಾಪಸ್ ತನ್ನಿ. ಬರೀ ಬೋರ್ಡು ಸಾಕು, ಉಳಿದದ್ದು ಬೇಡ ಎಂದರೂ ಅಷ್ಟೇ. ಮನೆ ಬಾಗಿಲಲ್ಲೇ ಹಿಂಬದಿ ಬಿಚ್ಚಲು ಶುರುಮಾಡಿದರೆ ಅಲ್ಲೇ ತಡೆಯಿರಿ.

ಹೊರದೇಶದ ಪ್ರಶ್ನೆಯೂ ಸುಮ್ನೆ ಕೇಳುವುದಲ್ಲ. ಅಪಾಯಕಾರಿ ಕಸವನ್ನು ಗಡಿ ದಾಟಿಸುವುದನ್ನು ಹಿಡಿತದಲ್ಲಿಡಲು 1989ರಲ್ಲಿ ಬಾಸೆಲ್ ಒಪ್ಪಂದ ಆಯಿತು, 1992ರಲ್ಲಿ ಜಾರಿಗೆ ಬಂತು. ಆದರೂ ಕೆಟ್ಟ ಟಿವಿಗಳನ್ನು ಬಳಸಿದ ಸಾಮಾನು ಎಂದು ಕಾಗದದಲ್ಲಿ ತೋರಿಸಿ ಬಡ ದೇಶಗಳಿಗೆ ಹಡಗು ಹತ್ತಿಸುವುದು ನಡೆದೇ ಇತ್ತು. 2025ರ ಜನವರಿ 1ರಿಂದ ಆ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಯಾವುದೇ ಇ-ಕಸ ಗಡಿ ದಾಟಬೇಕಾದರೆ, ಅದು ಅಪಾಯಕಾರಿ ಇರಲಿ ಬಿಡಲಿ, ಪಡೆಯುವ ದೇಶ ಮೊದಲೇ ಒಪ್ಪಿರಬೇಕು.

ಸಾಗಿಸುವಾಗ

ಡಬ್ಬಾ ಟಿವಿಯ ಭಾರವೆಲ್ಲ ಮುಂದಿನ ಗಾಜಿನಲ್ಲೇ ಇದೆ. ಎತ್ತುವಾಗ ಪರದೆ ನಿಮ್ಮ ಎದೆಯ ಕಡೆಗೆ ಇರಲಿ. 29 ಇಂಚಿನದಾದರೆ ಇಬ್ಬರು ಬೇಕೇ ಬೇಕು. ಗಾಡಿಯಲ್ಲಿ ಪರದೆ ಸೀಟಿನ ಬೆನ್ನಿಗೆ ಒರಗುವಂತೆ ಇಟ್ಟು, ನಡುವೆ ದಪ್ಪ ಕಂಬಳಿ ಹಾಕಿ, ಅಲುಗದಂತೆ ಕಟ್ಟಿ. ಹಿಂದಿನ ಚೂಪು ಭಾಗಕ್ಕೆ ಏನೂ ತಾಗಬಾರದು. ಕತ್ತು ಮುರಿಯುವುದು ಅಲ್ಲೇ.

ಚಪ್ಪಟೆ ಟಿವಿಯನ್ನು ಮಲಗಿಸಬೇಡಿ, ನಿಲ್ಲಿಸಿಯೇ ಒಯ್ಯಿರಿ. ಪರದೆಯ ಮೇಲೆ ರಟ್ಟು ಇಟ್ಟು ಸುತ್ತಿ. ಒಯ್ಯುವ ದಿನದವರೆಗೆ ಯಾವ ಟಿವಿಯನ್ನೂ ಮಳೆ ಬಿಸಿಲಿಗೆ ಹೊರಗಿಡಬೇಡಿ. ಗೇಟಿನ ಹೊರಗೆ ಇಟ್ಟ ಟಿವಿ ಬೆಳಗಾಗುವಷ್ಟರಲ್ಲಿ ತಾಮ್ರ ಕಳೆದುಕೊಂಡಿರುತ್ತದೆ.

ಆಗಲೇ ಒಡೆದಿದ್ದರೆ

ಪಾದರಸದ ದೀಪ ಇರುವ ಎಲ್‌ಸಿಡಿ ಒಡೆದರೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಗೆ ಕಳಿಸಿ. ಕಿಟಕಿ ತೆರೆದು, ಫ್ಯಾನು, ಎಸಿ ಆರಿಸಿ, ನೀವೂ ಹತ್ತು ಹದಿನೈದು ನಿಮಿಷ ಹೊರಗಿರಿ. ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು, ಪೊರಕೆಯೂ ಬೇಡ. ಎರಡೂ ಪಾದರಸವನ್ನು ಇನ್ನಷ್ಟು ಹರಡುತ್ತವೆ. ಕೈಗವಸು ಹಾಕಿಕೊಂಡು ಗಟ್ಟಿ ರಟ್ಟಿನಿಂದ ಚೂರುಗಳನ್ನು ಕೂಡಿಸಿ. ಸಣ್ಣ ಪುಡಿಯನ್ನು ಅಂಟು ಟೇಪಿನಿಂದ ಎತ್ತಿ, ನೆಲವನ್ನು ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಜಾಡಿಯಲ್ಲಿ ಹಾಕಿ, ಆ ಕಾಗದ ಮತ್ತು ಟೇಪನ್ನೂ ಸೇರಿಸಿ.

ಪಿಕ್ಚರ್ ಟ್ಯೂಬ್ ಒಡೆದರೂ ಹೆಚ್ಚುಕಡಿಮೆ ಇದೇ ರೀತಿ. ಮಾಸ್ಕ್ ಹಾಕಿ, ಪುಡಿ ಏಳದಂತೆ ಒದ್ದೆ ಕಾಗದದಿಂದ ಒರೆಸಿ, ದಪ್ಪ ಪ್ಲಾಸ್ಟಿಕ್ ಹಾಸಿದ ಗಟ್ಟಿ ಪೆಟ್ಟಿಗೆಯಲ್ಲಿ ತುಂಬಿ. ಮೇಲೆ ಸೀಸದ ಗಾಜು ಎಂದು ಬರೆಯಿರಿ. ಎಷ್ಟೋ ಕೇಂದ್ರಗಳು ಒಡೆದ ಟ್ಯೂಬ್ ತೆಗೆದುಕೊಳ್ಳುವುದಿಲ್ಲ. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ.

ಅಲ್ಲಿ ಅದು ಏನಾಗುತ್ತದೆ?

ಒಳ್ಳೆಯ ಘಟಕದಲ್ಲಿ ಮೊದಲು ಟ್ಯೂಬಿನೊಳಕ್ಕೆ ನಿಧಾನವಾಗಿ ಗಾಳಿ ಬಿಡುತ್ತಾರೆ. ಆಮೇಲೆ ಬಿಸಿ ತಂತಿ ಅಥವಾ ಬೇರೆ ಉಪಕರಣದಿಂದ ಮುಂದಿನ ಪರದೆಯನ್ನೂ ಹಿಂದಿನ ಆಲಿಕೆಯನ್ನೂ ಬೇರೆ ಮಾಡುತ್ತಾರೆ. ಒಳಮೈಯ ಪುಡಿಯನ್ನು ಹೀರಿ ತೆಗೆಯುತ್ತಾರೆ. ಹಿಂದೆಲ್ಲ ಈ ಗಾಜನ್ನು ಕರಗಿಸಿ ಮತ್ತೆ ಹೊಸ ಪಿಕ್ಚರ್ ಟ್ಯೂಬ್ ಮಾಡುತ್ತಿದ್ದರು. ಎಲ್ಲರೂ ಚಪ್ಪಟೆ ಟಿವಿ ಕೊಳ್ಳಲು ಶುರುಮಾಡಿದ ಮೇಲೆ ಆ ದಾರಿ ಮುಚ್ಚಿತು. ಈಗ ಸೀಸದ ಗಾಜಿನ ಒಂದಷ್ಟು ಭಾಗ ಸೀಸ ಕರಗಿಸುವ ಕುಲುಮೆಗಳಿಗೆ ಹೋಗುತ್ತದೆ. ಗಾಜು ಅಲ್ಲಿನ ಕೆಲಸಕ್ಕೂ ಬರುತ್ತದೆ, ಸೀಸವೂ ಹೊರಬರುತ್ತದೆ. ಗಾಜನ್ನು ಕೊಳ್ಳುವವರಿಲ್ಲದೆ ಗೋದಾಮುಗಳಲ್ಲಿ ರಾಶಿ ಹಾಕಿ ಬಿಟ್ಟುಹೋದ ಘಟನೆಗಳು ಅಮೆರಿಕದಲ್ಲೇ ನಡೆದಿವೆ. ಗಾಜಿನ ಪ್ರಶ್ನೆ ಕೇಳಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಎಲ್‌ಸಿಡಿಯ ದೀಪಗಳನ್ನು ಕೈಯಿಂದ ಬಿಡಿಸಬೇಕು, ಇಲ್ಲವೇ ಗಾಳಿ ಹೊರಹೋಗದ ಯಂತ್ರದೊಳಗೆ ಪುಡಿ ಮಾಡಿ ಪಾದರಸವನ್ನು ಹಿಡಿಯಬೇಕು. ಬೋರ್ಡುಗಳು ತಾಮ್ರದ ದೊಡ್ಡ ಕುಲುಮೆಗಳಿಗೆ ಹೋಗುತ್ತವೆ. ಬೆಲ್ಜಿಯಂನ ಹೊಬೊಕೆನ್‌ನಲ್ಲಿ ಅಂಥ ಒಂದು ಹೆಸರಾಂತ ಘಟಕ ಇದೆ. ತಾಮ್ರದ ಜೊತೆ ಚಿನ್ನ, ಬೆಳ್ಳಿ, ಪಲ್ಲೇಡಿಯಂ ಕೂಡ ಹೊರಬರುತ್ತವೆ. ಎಷ್ಟು ಬರಬಹುದು ಎಂಬುದಕ್ಕೆ ಟೋಕಿಯೊ ಒಲಿಂಪಿಕ್ಸ್ ಒಳ್ಳೆಯ ಉದಾಹರಣೆ. 2017ರಿಂದ 2019ರವರೆಗೆ ಜಪಾನಿನ ಜನ ಕೊಟ್ಟ ಸುಮಾರು 79,000 ಟನ್ ಸಣ್ಣ ಸಾಧನಗಳು ಮತ್ತು 62 ಲಕ್ಷದಷ್ಟು ಮೊಬೈಲ್‌ಗಳಿಂದ 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚು ತೆಗೆದರು. ಎಲ್ಲ ಪದಕಗಳೂ ಅದರಿಂದಲೇ ಆದವು.

ಇಂಥ ದಾರಿ ಹಿಡಿಯುವುದು ಎಲ್ಲ ಇ-ಕಸದ ಸಣ್ಣ ಪಾಲು ಮಾತ್ರ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದ ದಾಖಲೆ ಇರುವುದು ಶೇ 22.3ಕ್ಕೆ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಲೆಕ್ಕ ಇದು.

ಡ್ರಾಯರಿನಲ್ಲಿರುವ ಉಳಿದ ಸಾಮಾನು

ಟಿವಿ ಕೊಡಲು ಹೋಗುವ ದಿನ ಮನೆಯ ಡ್ರಾಯರುಗಳನ್ನೂ ಒಮ್ಮೆ ತೆರೆಯಿರಿ. ಹಳೆಯ ಚಾರ್ಜರ್, ಇಯರ್‌ಫೋನ್, ಕೀಬೋರ್ಡ್, ಸೆಟ್‌ಟಾಪ್ ಬಾಕ್ಸ್, ಸದ್ದಿಲ್ಲದ ರೇಡಿಯೊ, ಎಲ್ಲ ಹೊರಬರುತ್ತವೆ. ಸೆಟ್‌ಟಾಪ್ ಬಾಕ್ಸ್, ಮೋಡೆಮ್ ಕೆಲವೊಮ್ಮೆ ಸೇವೆ ಕೊಟ್ಟವರ ಸ್ವತ್ತಾಗಿರುತ್ತವೆ, ಅವರಿಗೇ ಮರಳಿಸಿ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬುಗಳಲ್ಲೂ ಪಾದರಸ ಇದೆ, ಬೇರೆ ಪೆಟ್ಟಿಗೆಯಲ್ಲಿ ಇಡಿ. ಪ್ರಿಂಟರಿನ ಟೋನರ್ ಕಾರ್ಟ್ರಿಜ್ ಸೋರದಂತೆ ಚೀಲದಲ್ಲಿ ಕಟ್ಟಿ. ಫ್ರಿಜ್, ಎಸಿಗಳ ತಾಮ್ರದ ಕೊಳವೆಯನ್ನು ಯಾರೂ ಕತ್ತರಿಸದಂತೆ ನೋಡಿಕೊಳ್ಳಿ. ಒಳಗಿನ ಅನಿಲ ಹೊರಬಂದರೆ ಭೂಮಿಯ ಬಿಸಿ ಹೆಚ್ಚುತ್ತದೆ. ತುಂಬಾ ಹಳೆಯ ಫ್ರಿಜ್ ಆದರೆ ಓಜೋನ್ ಪದರಕ್ಕೂ ಹಾನಿ.

ಕೊಟ್ಟಾದ ಮೇಲೆ

ರಸೀದಿಯಲ್ಲಿ ತಾರೀಖು, ಸಾಮಾನಿನ ವಿವರ, ಪಡೆದವರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಲಿ. ಕೊಡುವ ಮೊದಲು ಟಿವಿಯ ಹಿಂದಿನ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕಚೇರಿ ಅಥವಾ ಶಾಲೆಯಿಂದ ಒಟ್ಟಿಗೆ ಕೊಡುತ್ತಿದ್ದರೆ, ಎಷ್ಟು ತೂಕ, ಯಾವ ಯಾವ ಸಾಧನ, ಯಾವ ಹಾರ್ಡ್ ಡಿಸ್ಕಿನ ಮಾಹಿತಿ ಅಳಿಸಲಾಯಿತು ಎಂಬ ಪತ್ರವನ್ನೂ ಕೇಳಿ ಪಡೆಯಿರಿ.

ಒಂದೆರಡು ತಿಂಗಳ ನಂತರ ಆ ರಸೀದಿ ಹಿಡಿದು ಫೋನ್ ಮಾಡಿ. ನಮ್ಮ ಟಿವಿಯ ಗಾಜು ಎಲ್ಲಿ ತಲುಪಿತು ಎಂದು ಕೇಳಿ. ಟಿವಿ ಕೊಟ್ಟವರು ಕೇಳುತ್ತಾರೆ ಎಂದು ಗೊತ್ತಾದರೆ ಅವರು ಮುಂದಿನ ಟಿವಿಯ ಲೆಕ್ಕವನ್ನೂ ಬರೆದಿಡುತ್ತಾರೆ.